ಗೊಬ್ಬರದ ಕಷಾಯ: ಡ್ರಮ್ಮು ಏನು ಕೊಡುತ್ತೆ, ಏನು ಕೊಡೋದಿಲ್ಲ
(ಕಡೂರು, ತರೀಕೆರೆ, ಅಜ್ಜಂಪುರ ಭಾಗದ ರೈತರ ಮುಂದೆ ಆಡಿದ ಮಾತು)



ಇವತ್ತು ನಾನು ಬೆಲೆಯ ಬಗ್ಗೆ ಮಾತಾಡೋಕೆ ಬಂದಿಲ್ಲ, ಖರ್ಚಿನ ಬಗ್ಗೆ ಮಾತಾಡೋಕೆ ಬಂದಿದೀನಿ. ಈರುಳ್ಳಿಗೆ ಏನು ಬೆಲೆ ಅಂತ ನಾವು ಹೇಳೋ ಹಾಗಿಲ್ಲ, ಮಂಡಿಯವರು ಹೇಳ್ತಾರೆ. ಕೊಬ್ಬರಿ, ಅಡಿಕೆ ಬೆಲೆಯೂ ಹಾಗೇ. ಆದರೆ ಹೊಲಕ್ಕೆ ಏನು ಸುರೀಬೇಕು, ಎಷ್ಟು ಸುರೀಬೇಕು, ಅದಕ್ಕೆ ಯಾರ ಹತ್ತಿರ ಉದ್ರಿ ಬರೆಸಬೇಕು ಅನ್ನೋದು ಅಷ್ಟೋ ಇಷ್ಟೋ ನಮ್ಮ ಕೈಯಲ್ಲೇ ಇದೆ. ಸಾಲದ ಬಾಗಿಲು ಎರಡು. ಒಂದು ಬೆಲೆ ಬೀಳೋದರಿಂದ ತೆರೆಯುತ್ತೆ, ಇನ್ನೊಂದು ಖರ್ಚು ಏರೋದರಿಂದ ತೆರೆಯುತ್ತೆ. ಎರಡನೇ ಬಾಗಿಲಿನ ಚಿಲಕ ನಮ್ಮ ಕಡೆಗೇ ಇದೆ. ಅದನ್ನ ಹಾಕೋದು ಹೇಗೆ ಅನ್ನೋದೇ ಇವತ್ತಿನ ಮಾತು.

ಲೆಕ್ಕ ನೋಡಿ. 2010ರ ಏಪ್ರಿಲ್‌ಗೆ ಮುಂಚೆ ಡಿ.ಎ.ಪಿ. ಟನ್ನಿಗೆ 9,350 ರೂಪಾಯಿ, ಅಂದರೆ 50 ಕಿಲೋ ಚೀಲಕ್ಕೆ 470 ರೂಪಾಯಿಯೂ ಇರಲಿಲ್ಲ. ಆ ಏಪ್ರಿಲ್‌ನಲ್ಲಿ ಸರ್ಕಾರ ಸಬ್ಸಿಡಿ ಕೊಡುವ ಕ್ರಮ ಬದಲಾಯಿಸಿತು. ಯೂರಿಯಾ ಬೆಲೆ ಮಾತ್ರ ತನ್ನ ಹಿಡಿತದಲ್ಲಿ ಇಟ್ಟುಕೊಂಡು ಉಳಿದ ಗೊಬ್ಬರಗಳ ಬೆಲೆಯನ್ನು ಕಂಪನಿಗಳಿಗೆ ಬಿಟ್ಟಿತು. 2022ರ ಹೊತ್ತಿಗೆ ಅದೇ ಡಿ.ಎ.ಪಿ. ಚೀಲ 1,350 ರೂಪಾಯಿಗೆ ಬಂತು. ಯೂರಿಯಾ ಅಗ್ಗವಾಗೇ ಉಳಿಯಿತು, ಆದರೆ 2018ರಲ್ಲಿ ಚೀಲ ಮಾತ್ರ 50 ಕಿಲೋದಿಂದ 45 ಕಿಲೋಗೆ ಸಣ್ಣದಾಯಿತು. ಫಲವೇನು? ಅಗ್ಗವಾದ್ದನ್ನ ಹೆಚ್ಚು ಸುರಿದೆವು, ತುಟ್ಟಿಯಾದ್ದನ್ನ ಉದ್ರಿಗೆ ತಂದೆವು. ಇದರ ಜೊತೆಗೆ ಅಂಗಡಿಯವನು ಕೌಂಟರಿನ ಮೇಲಿಟ್ಟ ಬಣ್ಣಬಣ್ಣದ ಟಾನಿಕ್ ಬಾಟಲಿಗಳು ಬೇರೆ. ಅದರಲ್ಲಿ ಏನಿದೆ ಅಂತ ಅವನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಬಿಲ್ಲಿನಲ್ಲಿ ಮಾತ್ರ ಇರುತ್ತೆ.

ಇಂಥ ಹೊತ್ತಲ್ಲಿ ನೀಲಿ ಡ್ರಮ್ಮು ಬಂತು. 2000ದ ದಶಕದಲ್ಲಿ ಸುಭಾಷ್ ಪಾಳೇಕರ್ ಅವರ ಶೂನ್ಯ ಬಂಡವಾಳ ಕೃಷಿಯ ಶಿಬಿರಗಳು ನಮ್ಮ ರಾಜ್ಯದಲ್ಲಿ ನಡೆದವು. ರಾಜ್ಯ ರೈತ ಸಂಘದ ಅನೇಕ ಮಂದಿ ಮುಂದೆ ನಿಂತು ಅದನ್ನ ಹಳ್ಳಿಹಳ್ಳಿಗೆ ಮುಟ್ಟಿಸಿದರು. ಜೀವಾಮೃತ ಅನ್ನೋ ಹೆಸರು ಆಗಿನಿಂದ ಎಲ್ಲರ ಬಾಯಲ್ಲಿದೆ. ಹೊರದೇಶಗಳಲ್ಲಿ ಇದರ ಅಣ್ಣತಮ್ಮನಂಥದ್ದು ಇನ್ನೊಂದಿದೆ. ಕಳಿತ ಕಾಂಪೋಸ್ಟನ್ನು ಬಟ್ಟೆಯಲ್ಲಿ ಕಟ್ಟಿ ನೀರಲ್ಲಿ ಇಳಿಬಿಟ್ಟು, ಗಾಳಿ ಆಡಿಸಿ ತೆಗೆದ ರಸ. ಅವರು ಅದಕ್ಕೆ ಟೀ ಅಂತಾರೆ, ನಾವು ಗೊಬ್ಬರದ ಕಷಾಯ ಅನ್ನೋಣ.

ಈ ಡ್ರಮ್ಮಿನ ಬಗ್ಗೆ ಎರಡು ಥರದ ಮಾತು ಕೇಳ್ತೀರಿ. ಒಬ್ಬ, ಇದೊಂದಿದ್ದರೆ ಬೇರೆ ಏನೂ ಬೇಡ ಅಂತಾನೆ. ಇನ್ನೊಬ್ಬ, ಇದೆಲ್ಲ ಬೂಟಾಟಿಕೆ, ಸಗಣಿ ನೀರು ಅಂತಾನೆ. 2019ರಲ್ಲಿ ದೆಹಲಿಯಲ್ಲೂ ಇದೇ ಜಗಳ ಆಯಿತು. ಜುಲೈನಲ್ಲಿ ಕೇಂದ್ರ ಬಜೆಟ್ಟಿನ ಭಾಷಣದಲ್ಲಿ ಶೂನ್ಯ ಬಂಡವಾಳ ಕೃಷಿಯ ಹೆಸರು ಬಂತು. ಎರಡೇ ತಿಂಗಳಿಗೆ ದೇಶದ ಕೃಷಿ ವಿಜ್ಞಾನಗಳ ಅಕಾಡೆಮಿಯವರು ಇದಕ್ಕೆ ತಕ್ಕ ಆಧಾರ ಇಲ್ಲ ಅಂದರು. ಅವರ ಜಗಳ ಅವರಿಗಿರಲಿ. ಸೋತರೆ ಅವರ ಮನೆ ಹರಾಜಿಗೆ ಬರೋಲ್ಲ, ನಮ್ಮದು ಬರುತ್ತೆ. ಅದಕ್ಕೇ ನಾವು ಯಾರ ಪಕ್ಷಾನೂ ಹಿಡೀದೆ ತಕ್ಕಡಿ ಹಿಡಿಯೋಣ.

ಜೀವಾಮೃತದ ಒಂದು ಡ್ರಮ್ಮಿನಲ್ಲಿ ಏನೇನಿದೆ? 200 ಲೀಟರ್ ನೀರು, 10 ಕಿಲೋ ಹಸಿ ಸಗಣಿ, 10 ಲೀಟರ್ ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ಕಾಳಿನ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ಇದು ಒಂದು ಎಕರೆಗೆ. ಇದರಲ್ಲಿ ಸಾರಜನಕ ಎಷ್ಟು? ಸಗಣಿಯಿಂದ 40 ಗ್ರಾಂ ಆಸುಪಾಸು, ಗಂಜಲದಿಂದ 100 ಗ್ರಾಂ ಒಳಗೆ, ಹಿಟ್ಟಿನಿಂದ 70 ಗ್ರಾಂ. ಎಲ್ಲ ಕೂಡಿದರೂ ಕಾಲು ಕಿಲೋ ದಾಟೋದಿಲ್ಲ. ಒಂದು ಚೀಲ ಯೂರಿಯಾದಲ್ಲಿ 20 ಕಿಲೋಗೆ ಮೇಲಿದೆ. ತಿಂಗಳಿಗೊಂದು ಡ್ರಮ್ಮಿನಂತೆ ವರ್ಷವೆಲ್ಲ ಕೊಟ್ಟರೂ ಎಕರೆಗೆ 3 ಕಿಲೋ ಸಾರಜನಕ ಆಗುತ್ತೆ, ಅಷ್ಟೆ.

ಈಗ ಮರದ ಹೊಟ್ಟೆ ನೋಡಿ. ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್, ಅದರ ಜೊತೆಗೆ 12 ಕಿಲೋ ಕಾಂಪೋಸ್ಟು, 12 ಕಿಲೋ ಹಸಿರು ಸೊಪ್ಪು ಬೇಕು ಅಂತ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರದವರ ಶಿಫಾರಸು. ಒಂಬತ್ತು ಅಡಿಗೊಂದರಂತೆ ಎಕರೆಗೆ 540 ಮರ ಅಂದರೆ 54 ಕಿಲೋ ಸಾರಜನಕ. ಡ್ರಮ್ಮು ಕೊಡೋದು 3. 200 ಲೀಟರನ್ನ 540 ಮರಕ್ಕೆ ಹಂಚಿದರೆ ಒಂದು ಮರಕ್ಕೆ ಅರ್ಧ ಚೊಂಬೂ ಬರೋದಿಲ್ಲ. ಅರ್ಧ ಚೊಂಬು ಕುಡಿದು ಮರ ಗೊನೆ ಬಿಡುತ್ತೆ ಅಂತ ನಂಬೋದಾದರೆ, ಒಂದು ಲೋಟ ಮಜ್ಜಿಗೆ ಕುಡಿದು ದಿನವಿಡೀ ನೇಗಿಲು ಹಿಡಿಯೋ ಆಳನ್ನೂ ಹುಡುಕಬೇಕಾಗುತ್ತೆ.

ಹಾಗಾದರೆ ಡ್ರಮ್ಮು ಸುಳ್ಳೇ? ಅಲ್ಲ. ಮನೇಲಿ ಹೆಂಗಸರು ರಾತ್ರಿ ಹಾಲಿಗೆ ಹೆಪ್ಪು ಹಾಕ್ತಾರೆ. ಒಂದು ಪಾವು ಹಾಲಿಗೆ ಅರ್ಧ ಚಮಚ ಮಜ್ಜಿಗೆ ಸಾಕು, ಬೆಳಿಗ್ಗೆಗೆ ಗಟ್ಟಿ ಮೊಸರು. ಆ ಅರ್ಧ ಚಮಚವೇ ಮೊಸರಾಯಿತು ಅಂತ ಯಾರಾದರೂ ಅಂತಾರಾ? ಹಾಲು ಇತ್ತು, ಮೊಸರಾಯಿತು. ಬರೀ ನೀರಿಗೆ ಹೆಪ್ಪು ಹಾಕಿದರೆ ಬೆಳಿಗ್ಗೆ ನೀರೇ ಇರುತ್ತೆ. ಡ್ರಮ್ಮಿನ ಕಷಾಯ ಹೆಪ್ಪು. ಹಾಲು ಅಂದರೆ ನಿಮ್ಮ ನೆಲದಲ್ಲಿರೋ ಗೊಬ್ಬರ, ಸೋಗೆ, ಸೊಪ್ಪು, ಕೂಳೆ, ಬೇರು. ಕಣ್ಣಿಗೆ ಕಾಣದ ಜೀವಿಗಳು ಅದನ್ನ ತಿಂದು ಕರಗಿಸಿ ಗಿಡಕ್ಕೆ ಬಡಿಸಬೇಕು. ತಿನ್ನೋಕೆ ಏನೂ ಇಲ್ಲದ ಬೋಳು ನೆಲಕ್ಕೆ ಜೀವಿಗಳನ್ನ ಸುರಿದರೆ ಅವು ಬಿಸಿಲಿಗೆ ಸಾಯ್ತವೆ.

ನಿಮ್ಮ ನೆಲದಲ್ಲಿ ಹಾಲು ಇದೆಯೋ ಇಲ್ಲವೋ ತಿಳಿಯೋದು ಹೇಗೆ? ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಸಾವಯವ ಇಂಗಾಲ ಅಂತ ಒಂದು ಸಾಲು ಇರುತ್ತೆ. ಅದು 0.5ಕ್ಕಿಂತ ಕಡಿಮೆ ಇದ್ದರೆ ಕಡಿಮೆ, 0.75 ದಾಟಿದರೆ ಚೆನ್ನ. 0.5ರ ಕೆಳಗಿದ್ದರೆ ನೀವು ಮೊದಲು ಡ್ರಮ್ಮು ಕೊಳ್ಳೋದಲ್ಲ, ತಿಪ್ಪೆ ಸರಿಮಾಡೋದು. ಅದೇ ಚೀಟಿಯಲ್ಲಿ ರಂಜಕ ಹೆಚ್ಚಿದೆ ಅಂತ ಬಂದಿದ್ದರೆ ಆ ವರ್ಷ ಡಿ.ಎ.ಪಿ.ಗೆ ಕೈ ಹಾಕೋ ಮುಂಚೆ ಕೃಷಿ ಇಲಾಖೆಯವರನ್ನ ಕೇಳಿ. ಒಂದು ಚೀಟಿ ಎರಡು ಚೀಲದ ಉದ್ರಿ ಉಳಿಸಬಹುದು.

ಹಾಲು ಎಲ್ಲಿಂದ ತರೋದು? ಕೊಟ್ಟಿಗೆಯಿಂದಲೇ ಶುರು ಮಾಡಿ. ಒಂದು ಹಸು ದಿನಕ್ಕೆ ಏಳೆಂಟು ಲೀಟರ್ ಗಂಜಲ ಹಾಕುತ್ತೆ. ಅದರಲ್ಲಿರೋ ಸಾರಜನಕ ವರ್ಷಕ್ಕೆ ಲೆಕ್ಕ ಹಾಕಿದರೆ ಹೆಚ್ಚುಕಮ್ಮಿ ಒಂದು ಚೀಲ ಯೂರಿಯಾ. ನಾವೇನು ಮಾಡ್ತೀವಿ? ನೆಲಕ್ಕೆ ಇಂಗಿಸ್ತೀವಿ, ಇಲ್ಲ ಚರಂಡಿಗೆ ಬಿಡ್ತೀವಿ, ಆಮೇಲೆ ಸೊಸೈಟಿ ಮುಂದೆ ಯೂರಿಯಾಕ್ಕೆ ಸಾಲು ನಿಲ್ತೀವಿ. ದನದ ಕೆಳಗೆ ರಾಗಿ ಹುಲ್ಲಿನ ಚೂರು, ಒಣ ಎಲೆ, ಒಣ ಮಣ್ಣು ಹಾಸಿ. ನೆನೆದದ್ದನ್ನ ದಿನಾ ತೆಗೆದು ತಿಪ್ಪೆಗೆ ಹಾಕಿ. ತಿಪ್ಪೆಯನ್ನ ಬಟ್ಟಬಯಲಲ್ಲಿ ಬಿಡಬೇಡಿ. ಬಿಸಿಲಿಗೆ ಸಾರಜನಕ ಹಾರಿಹೋಗುತ್ತೆ, ಮಳೆಗೆ ಪೊಟ್ಯಾಷ್ ಕೊಚ್ಚಿಹೋಗುತ್ತೆ. ಒಂದು ಹೊಂಗೆಮರದ ನೆರಳು, ಮೇಲೆ ತೆಂಗಿನ ಗರಿ ಹೊದಿಕೆ, ಸುತ್ತ ಒಂದು ಗೇಣು ಬದು. ಇಷ್ಟಕ್ಕೆ ಯಾವ ಬ್ಯಾಂಕಿನ ಸಹಿಯೂ ಬೇಡ.

ಇಂದೋರಿನಲ್ಲಿ ಆಲ್ಬರ್ಟ್ ಹೋವರ್ಡ್ ಅನ್ನೋ ಇಂಗ್ಲಿಷರವರು 1920ರ ದಶಕದಲ್ಲಿ ಕಾಂಪೋಸ್ಟಿನ ಇಂದೋರ್ ಪದ್ಧತಿ ರೂಪಿಸಿದರು. ಅವರು ಅದಕ್ಕೆ ಕಣ್ಣಿಟ್ಟದ್ದು ನಮ್ಮ ದೇಶದ ರೈತರ ಬೇಸಾಯದ ಮೇಲೆ. ಅವರ ಇಡೀ ಪಾಠ ಇಷ್ಟೇ: ಕಸ, ಸಗಣಿ, ಗಂಜಲ ನೆನೆದ ಮಣ್ಣು ಪದರಪದರವಾಗಿ ಹಾಕಿ, ತೇವ ಕಾಪಾಡಿ, ಮಗುಚಿ ಗಾಳಿ ಆಡಿಸಿ. ಮೂರು ತಿಂಗಳಿಗೆ ಕಪ್ಪಗೆ, ಪುಡಿಪುಡಿಯಾಗಿ, ಮಣ್ಣಿನ ವಾಸನೆಯ ಗೊಬ್ಬರ ಸಿಗುತ್ತೆ. ಅಂಥ ಗೊಬ್ಬರ ಇದ್ದವನಿಗೇ ಒಳ್ಳೆಯ ಕಷಾಯ ಸಿಗೋದು.

ತರೀಕೆರೆ, ಕಡೂರು ಕಡೆ ಅಡಿಕೆ ಸುಲಿದ ಸಿಪ್ಪೆಯನ್ನ ರಸ್ತೆ ಬದಿಗೆ ಸುರಿದು ಬೆಂಕಿ ಹಚ್ಚೋದನ್ನ ನೀವೂ ನೋಡಿದೀರಿ. ಅದು ಹಾಲನ್ನ ಬೀದಿಗೆ ಚೆಲ್ಲಿದ ಹಾಗೆ. ಸಿಪ್ಪೆ ನಾರಿನದ್ದು, ತಾನಾಗಿ ಬೇಗ ಕೊಳೆಯೋಲ್ಲ. ಅದನ್ನ ಸಗಣಿ ಬಗ್ಗಡದ ಜೊತೆ ಪದರ ಹಾಕಿ, ತೇವ ಮಾಡಿ, ಮೇಲೆ ಡ್ರಮ್ಮಿನ ಕಷಾಯ ಹೊಯ್ಯಿರಿ. ನನ್ನನ್ನ ಕೇಳಿದರೆ ಕಷಾಯಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ಇಲ್ಲ. ತೋಟದೊಳಗೆ ಬಿದ್ದ ಸೋಗೆ, ಹಾಳೆ ಅಲ್ಲೇ ಬುಡಕ್ಕೆ ಹಾಸಿ ಅದರ ಮೇಲೂ ಹೊಯ್ಯಿರಿ. ತೆಂಗಿನವರು ಸಿಪ್ಪೆಯನ್ನ ಬುಡದಿಂದ ಆರು ಅಡಿ ದೂರದಲ್ಲಿ ಗುಣಿ ತೆಗೆದು, ಒಳಮೈ ಮೇಲೆ ಮಾಡಿ ಹೂಳಿರಿ. ಬೋರ್‌ವೆಲ್ ನಂಬಿರೋ ಕಡೂರಿನ ಕಡೆಗೆ ಅದು ಹಿಡಿದಿಡೋ ನೀರೇ ಮೊದಲ ಲಾಭ. ಒಣಬೇಸಾಯದ ರಾಗಿ ಹೊಲದವರು ಕುರಿಮಂದೆ ನಿಲ್ಲಿಸೋದು, ಕೆರೆ ಗೋಡು ಹೊಡೆಯೋದು, ಅಪ್ಸೆಣಬು ಬಿತ್ತಿ ಹೂವಿಗೆ ಬಂದಾಗ ಮಣ್ಣಿಗೆ ಸೇರಿಸೋದು ಬಿಡಬೇಡಿ. ಇವು ಹಳೇ ಕಾಲದ ಮಾತು ಅಂತ ನಗೋರಿಗೆ ಅಂಗಡಿಯವನ ಬಿಲ್ಲು ತೋರಿಸಿ.

ಇನ್ನು ಕಷಾಯ ಮಾಡೋ ಕ್ರಮ. ಎರಡು ಬಗೆ ಹೇಳ್ತೀನಿ.

ಮೊದಲನೇದು ಬರೀ ಗೊಬ್ಬರದ್ದು. ಚೆನ್ನಾಗಿ ಕಳಿತ ಗೊಬ್ಬರ 10 ಕಿಲೋ, ಗೋಣಿಚೀಲದಲ್ಲಿ ಸಡಿಲವಾಗಿ ಕಟ್ಟಿ, 100 ಲೀಟರ್ ನೀರಲ್ಲಿ ಇಳಿಬಿಡಿ. ಡ್ರಮ್ಮು ನೆರಳಲ್ಲಿರಲಿ. ಕೆರೆ, ಬಾವಿ, ಬೋರಿನ ನೀರು ಆಗುತ್ತೆ. ನಲ್ಲಿಯ ಕ್ಲೋರಿನ್ ನೀರಾದರೆ ಒಂದು ದಿನ ತೆರೆದಿಟ್ಟು ಆಮೇಲೆ ಬಳಸಿ. ಮರದ ಕೋಲಿನಿಂದ ದಿನಕ್ಕೆ ನಾಲ್ಕೈದು ಸಲ ಚೆನ್ನಾಗಿ ತಿರುವಿ, ಮಧ್ಯೆ ಸುಳಿ ಏಳಬೇಕು. ಕರೆಂಟಿದ್ದರೆ ಮೀನಿನ ತೊಟ್ಟಿಗೆ ಹಾಕೋ ಗಾಳಿ ಪಂಪು ದೊಡ್ಡದೊಂದು ಇಡಬಹುದು. ಒಂದು ಹಗಲು ಒಂದು ರಾತ್ರಿ ಸಾಕು. ತೆಗೆದ ದಿನವೇ ಬಳಸಿಬಿಡಿ. ಇಟ್ಟರೆ ಒಳಗಿನ ಗಾಳಿ ಮುಗಿದು ಕೊಳೆಯೋಕೆ ಶುರುವಾಗುತ್ತೆ. ಇದಕ್ಕೆ ಬೆಲ್ಲ ಬೇಡ, ಹಿಟ್ಟು ಬೇಡ, ಕಾಸೂ ಬೇಡ.

ಎರಡನೇದು ಜೀವಾಮೃತ. ಅಳತೆ ಆಗಲೇ ಹೇಳಿದೆ. ನೆರಳಲ್ಲಿಟ್ಟು, ಬಾಯಿಗೆ ಗೋಣಿ ಹೊದಿಸಿ, ಬೆಳಿಗ್ಗೆ ಸಂಜೆ ತಿರುವಿ. ಎರಡು ದಿನಕ್ಕೆ ತಯಾರು, ವಾರದೊಳಗೆ ಮುಗಿಸಬೇಕು. ಆದರೆ ಖರ್ಚು ನೋಡಿ: ಬೆಲ್ಲ ಕಿಲೋಗೆ 50, ಹಿಟ್ಟು ಕಿಲೋಗೆ 70 ಅಂತ ಇಟ್ಟುಕೊಂಡರೆ ಡ್ರಮ್ಮಿಗೆ 240 ರೂಪಾಯಿ. ವರ್ಷಕ್ಕೆ ಎಕರೆಗೆ 2,880. ಶೂನ್ಯ ಎಲ್ಲಿ ಬಂತು? ಕೂಲಿ ಬೇರೆ. ಅಂಗಡಿಯಿಂದ ಕಡ್ಲೆಹಿಟ್ಟು ತರಬೇಡಿ, ಮನೆಯ ಹುರುಳಿ, ಅಲಸಂದೆಯ ನುಚ್ಚು, ಹುಳ ಬಿದ್ದ ಕಾಳು ಬೀಸಿ ಹಾಕಿ. ತಿನ್ನೋಕೆ ಬಾರದ ಕರಗಿದ ಬೆಲ್ಲ ಆಗುತ್ತೆ. ಬಾಟಲಿಯಲ್ಲಿ ತುಂಬಿ ಮಾರೋ ಜೀವಾಮೃತವನ್ನಂತೂ ಮುಟ್ಟಬೇಡಿ. ವಾರಕ್ಕೆ ಕೆಡೋ ವಸ್ತು ತಿಂಗಳುಗಟ್ಟಲೆ ಅಂಗಡಿಯಲ್ಲಿ ಹೇಗೆ ಜೀವ ಹಿಡಿದಿರುತ್ತೆ, ನೀವೇ ಹೇಳಿ.

ಚೆನ್ನಾಗಿದೆಯೋ ಕೆಟ್ಟಿದೆಯೋ ಹೇಳೋಕೆ ನಿಮ್ಮ ಮೂಗೇ ಸಾಕು. ಗೊಬ್ಬರದ ಕಷಾಯಕ್ಕೆ ಮೊದಲ ಮಳೆ ಬಿದ್ದ ನೆಲದ ವಾಸನೆ ಇರಬೇಕು. ಜೀವಾಮೃತಕ್ಕೆ ಸ್ವಲ್ಪ ಹುಳಿ ವಾಸನೆ ಬಂದರೆ ತೊಂದರೆ ಇಲ್ಲ. ಎರಡರಲ್ಲಿ ಯಾವುದೇ ಆಗಲಿ, ಕೊಳೆತ ಮೊಟ್ಟೆಯ ನಾತ ಹೊಡೆದರೆ ಗಿಡಕ್ಕೆ ಹಾಕಬೇಡಿ, ತಿಪ್ಪೆಗೆ ಹೊಯ್ದು ಡ್ರಮ್ಮು ತೊಳೆಯಿರಿ.

ಹಾಕೋದು ಸಂಜೆ ಹೊತ್ತು, ನೆಲ ತೇವ ಇದ್ದಾಗ. ಉರಿಬಿಸಿಲಲ್ಲಿ, ಒಣನೆಲಕ್ಕೆ ಹಾಕಿದರೆ ಶ್ರಮ ದಂಡ. ಎಕರೆಗೆ 200 ಲೀಟರ್ ನೀರಿನ ಜೊತೆ ಕಾಲುವೆಯಲ್ಲಿ ಬಿಡಬಹುದು. ಹನಿ ನೀರಾವರಿಯವರು ಎರಡು ಪದರ ಬಟ್ಟೆಯಲ್ಲಿ ಸೋಸದೆ ಬಿಟ್ಟರೆ ಪೈಪಿನ ಕಣ್ಣುಗಳೆಲ್ಲ ಕಟ್ಟುತ್ತವೆ, ಆ ಖರ್ಚು ಗೊಬ್ಬರದ ಖರ್ಚಿಗಿಂತ ದೊಡ್ಡದು.

ಈಗ ಎಚ್ಚರಿಕೆಯ ಮಾತು. ಹಸಿ ಸಗಣಿಯಲ್ಲಿ ಹೊಟ್ಟೆ ಕೆಡಿಸೋ ಕ್ರಿಮಿಗಳೂ ಇರುತ್ತವೆ. ಬೆಲ್ಲ ಹಾಕಿದರೆ ಒಳ್ಳೆಯವು ಬೆಳೆಯೋ ಹಾಗೆ ಕೆಟ್ಟವೂ ಬೆಳೆಯಬಹುದು. ಅಮೆರಿಕದಲ್ಲಿ ಸಾವಯವ ನಿಯಮ ಮಾಡೋರು 2003ರಲ್ಲಿ ಕಾಂಪೋಸ್ಟ್ ಟೀ ಬಗ್ಗೆಯೇ ಒಂದು ತಜ್ಞರ ತಂಡ ಕೂರಿಸಿದಾಗ ಅವರ ಮುಖ್ಯ ಆತಂಕ ಇದೇ ಆಗಿತ್ತು. ಅಲ್ಲಿನ ಸಾವಯವ ನಿಯಮದಲ್ಲಿ ಮನುಷ್ಯರು ತಿನ್ನೋ ಬೆಳೆಗೆ, ತಿನ್ನೋ ಭಾಗ ಮಣ್ಣಿಗೆ ತಾಗೋದಾದರೆ, ಹಸಿ ಗೊಬ್ಬರ ಹಾಕಿ 120 ದಿನ ಆಗದೆ ಕಟಾವು ಮಾಡೋ ಹಾಗಿಲ್ಲ. ಅಜ್ಜಂಪುರದ ಈರುಳ್ಳಿ ಬೆಳೆಗಾರರು ಇದನ್ನ ಕಿವಿಗೊಟ್ಟು ಕೇಳಬೇಕು. ನಮ್ಮ ಈರುಳ್ಳಿ ಹೊಲದಲ್ಲಿರೋದೇ ನಾಲ್ಕು ತಿಂಗಳ ಆಸುಪಾಸು, ಜನ ಅದನ್ನ ಹಸಿಯಾಗಿಯೂ ತಿಂತಾರೆ. ಜೀವಾಮೃತ ಹಾಕೋದಿದ್ದರೆ ಬಿತ್ತನೆಗೆ ಮುಂಚೆ ನೆಲಕ್ಕೆ ಹಾಕಿ. ಬೆಳೆ ನಿಂತ ಮೇಲೆ ಬೇಕಾದರೆ ಕಳಿತ ಗೊಬ್ಬರದ ಕಷಾಯ, ಅದೂ ಬುಡಕ್ಕೆ, ಗೆಡ್ಡೆ ಕಟ್ಟೋಕೆ ಮುಂಚೆ. ಕೊತ್ತಂಬರಿ, ಸೊಪ್ಪಿನ ಮೇಲೆ ಸಿಂಪಡಿಸಲೇಬೇಡಿ. ಕೈ ಸೋಪಿನಿಂದ ತೊಳೆಯದೆ ಬೀಡಿಗೂ ಕೈ ಹಾಕಬೇಡಿ.

ರೋಗಕ್ಕೂ ಇದೇ ಮದ್ದು ಅಂತ ಹೇಳೋರಿದ್ದಾರೆ. ಕಷಾಯ ಕೆಲವು ರೋಗ ತಡೆದದ್ದೂ ಉಂಟು, ತಡೆಯದೆ ಹೋದದ್ದೂ ಉಂಟು. ಇಂಥದ್ದನ್ನ ನಂಬಿ ಕೊಳೆರೋಗಕ್ಕೆ ತೋಟ ಬಿಟ್ಟುಕೊಡಬೇಡಿ. ಅದಕ್ಕೆ ಶೇಕಡ 1ರ ಬೋರ್ಡೊ ದ್ರಾವಣ, ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, ಮಳೆಗೆ ಮುಂಚೆಯೇ ಹೊಡೀಬೇಕು. ಬೋರ್ಡೊ ಹೊಡೆದ ಎಲೆ ಗೊನೆಗೆ ಕಷಾಯ ಹೊಡೀಬೇಡಿ. ಮೈಲುತುತ್ತ ನಿಮ್ಮ ಹೆಪ್ಪನ್ನೇ ಕೊಲ್ಲುತ್ತೆ. ಈರುಳ್ಳಿಯ ತಿರುಚು ರೋಗ, ಮಚ್ಚೆರೋಗಕ್ಕೂ ಇದೇ ಮಾತು: ಕಷಾಯ ಹಾಕಿದೀನಿ ಅಂತ ಧೈರ್ಯವಾಗಿ ಕೂರೋ ಹಾಗಿಲ್ಲ.

ಇನ್ನೊಂದು. ನಾಟಿ ಹಸುವಿನ ಸಗಣಿಯೇ ಆಗಬೇಕು, ಒಂದು ನಾಟಿ ಹಸು ಇದ್ದರೆ 30 ಎಕರೆ ಬೇಸಾಯ ಅಂತ ಪಾಳೇಕರ್ ಅವರ ಮಾತು. ಅಮೃತ್ ಮಹಲ್ ದನದ ನಾಡು ನಮ್ಮದು, ಅಜ್ಜಂಪುರದಲ್ಲೇ ಅದರ ತಳಿ ಕೇಂದ್ರ ಇದೆ. ನಾಟಿ ದನದ ಮೇಲೆ ನಮಗೆ ಅಭಿಮಾನ ಇಲ್ಲದೆ ಇಲ್ಲ. ಮನೇಲಿದ್ದರೆ ಸಂತೋಷ, ಸಾಕಿ. ಆದರೆ ಡ್ರಮ್ಮಿಗೋಸ್ಕರ ಸಾಲ ಮಾಡಿ ಹಸು ತರಬೇಡಿ. ಕೊಟ್ಟಿಗೆಯಲ್ಲಿ ಯಾವ ಹಸು, ಎಮ್ಮೆ, ಎತ್ತು ಇದೆಯೋ ಅದರ ಸಗಣಿಯಿಂದಲೇ ಶುರು ಮಾಡಿ. 30 ಎಕರೆಗೆ ತಿಂಗಳಿಗೆ 30 ಡ್ರಮ್ಮು ಅಂದರೆ 300 ಕಿಲೋ ಸಗಣಿ, ದಿನಕ್ಕೆ 10 ಕಿಲೋ. ಹೆಪ್ಪಿನ ಲೆಕ್ಕಕ್ಕೆ ಅದು ಸರಿಯೇ. ಹಾಲಿನ ಲೆಕ್ಕಕ್ಕೆ? ಒಂದೇ ಎಕರೆ ಅಡಿಕೆಗೆ ಮರಕ್ಕೆ 12 ಕಿಲೋದಂತೆ ಆರೂವರೆ ಟನ್ ಕಾಂಪೋಸ್ಟು ಬೇಕು. ಒಂದು ಹಸುವಿನ ವರ್ಷದ ಹಸಿ ಸಗಣಿ ಮೂರೂವರೆ ಟನ್, ಕಳಿತರೆ ಅದು ಇನ್ನೂ ಇಳಿಯುತ್ತೆ. ಮಿಕ್ಕದ್ದು ತೋಟದ ಕಸದಿಂದ, ಬದುವಿನ ಹೊಂಗೆ, ಗ್ಲಿರಿಸಿಡಿಯ ಸೊಪ್ಪಿನಿಂದಲೇ ಬರಬೇಕು. ಬದು ಬೋಳಾಗಿಟ್ಟುಕೊಂಡು ಡ್ರಮ್ಮು ತಿರುವಿದರೆ ಫಲ ಇಲ್ಲ.

ಕೊನೆಯದಾಗಿ, ಅವಸರ ಬೇಡ. 2021ರ ಏಪ್ರಿಲ್‌ನಲ್ಲಿ ಶ್ರೀಲಂಕಾ ಸರ್ಕಾರ ರಾಸಾಯನಿಕ ಗೊಬ್ಬರದ ಆಮದನ್ನ ಒಂದೇ ಏಟಿಗೆ ನಿಲ್ಲಿಸಿತು. ಭತ್ತ ಬಿತ್ತು, ಟೀ ಬಿತ್ತು, ನವೆಂಬರಿಗೆ ಆಜ್ಞೆ ಹಿಂದಕ್ಕೆ ತಗೊಂಡರು. ಹಾಲು ಕೂಡಿಸೋ ಮೊದಲೇ ಊಟ ನಿಲ್ಲಿಸಿದರೆ ಹೀಗೇ ಆಗೋದು. ಒಂದು ದೇಶ ತಡೆಯದ ಏಟನ್ನ ಸಾಲದಲ್ಲಿರೋ ಒಂದು ಮನೆ ತಡೆಯುತ್ತಾ?

ಅದಕ್ಕೆ ಹೀಗೆ ಮಾಡಿ. ಇಡೀ ಹೊಲ ಬೇಡ, ಒಂದು ಮೂಲೆ ತಗೊಳ್ಳಿ. ಅಲ್ಲಿ ನಾಲ್ಕು ಸಾಲಿಗೆ ಗೊಬ್ಬರ, ಹೊದಿಕೆ, ಕಷಾಯ ಮೂರೂ ಕೊಡಿ. ಪಕ್ಕದ ನಾಲ್ಕು ಸಾಲಿಗೆ ಗೊಬ್ಬರ, ಹೊದಿಕೆ ಕೊಟ್ಟು ಕಷಾಯ ಬಿಡಿ. ಆಚೆ ನಾಲ್ಕು ಸಾಲು ನೀವು ಮಾಡ್ತಾ ಬಂದ ಹಾಗೇ ಇರಲಿ. ಮಕ್ಕಳ ಹಳೇ ನೋಟು ಪುಸ್ತಕದಲ್ಲಿ ಬರೀರಿ: ಏನು ಹಾಕಿದೆ, ಕೂಲಿ ಎಷ್ಟು, ಅಂಗಡಿಗೆ ಎಷ್ಟು, ಇಳುವರಿ ಎಷ್ಟು. ಮೂರೂ ಸಾಲಿನ ಫಸಲು ಬೇರೆಬೇರೆ ತೂಗಿ. ಫಲ ಕಂಡ ಮೇಲೆ ಅಂಗಡಿ ಗೊಬ್ಬರ ಕಾಲು ಭಾಗ ಇಳಿಸಿ, ಮುಂದಿನ ವರ್ಷ ಇನ್ನಷ್ಟು. ಎರಡು ಮೂರು ವರ್ಷ ಹಿಡಿಯಲಿ. ಊರಿನ ಹತ್ತು ಜನ ಹೀಗೆ ಬರೆದಿಟ್ಟು ಒಂದು ಅಮಾವಾಸ್ಯೆ ದಿನ ಕಟ್ಟೆ ಮೇಲೆ ಕೂತು ಪುಸ್ತಕ ಒಟ್ಟಿಗೆ ಬಿಚ್ಚಿದರೆ, ನಿಮ್ಮ ಮಣ್ಣಿಗೆ ಏನು ಬೇಕು ಅಂತ ಹೇಳೋಕೆ ಹೊರಗಿನ ಭಾಷಣಕಾರ ಬೇಕಾಗೋಲ್ಲ, ನಾನೂ ಬೇಕಾಗೋಲ್ಲ.

ಟಾನಿಕ್ ಬಾಟಲಿ ಈ ಸುಗ್ಗಿಯಿಂದಲೇ ನಿಲ್ಲಿಸಿ, ಅದಕ್ಕೆ ಯಾವ ಪರೀಕ್ಷೆಯೂ ಬೇಡ. ಗಂಜಲ ನಾಳೆ ಬೆಳಿಗ್ಗೆಯಿಂದಲೇ ಹಿಡಿಯಿರಿ. ಡ್ರಮ್ಮು ಆಮೇಲೆ ಇಡಿ.